ರಾಗಿಯ ಬಣ್ಣ ರಾಗಿಗೇ ಇರಲಿ: ಪೈ ಚಾರ್ಟ್‌ಗೆ ಬಣ್ಣ ಹಚ್ಚುವ ಕೋಡ್

ಬೆಳೆವಾರು ವಿಸ್ತೀರ್ಣ ತೋರಿಸುವ ಒಂದು ವೆಬ್ ಪುಟ ಇದೆ ಅಂದುಕೊಳ್ಳಿ. ಪೈ ಚಾರ್ಟ್‌ನಲ್ಲಿ ರಾಗಿ ಕಿತ್ತಳೆ, ಜೋಳ ನೀಲಿ, ತೊಗರಿ ಹಸಿರು. ಬಳಕೆದಾರರು ಮೇಲಿನ ಪಟ್ಟಿಯಲ್ಲಿ ತಾಲ್ಲೂಕು ಬದಲಿಸುತ್ತಾರೆ. ಆ ತಾಲ್ಲೂಕಿನ ದತ್ತಾಂಶದಲ್ಲಿ ರಾಗಿ ಇಲ್ಲ. ತಕ್ಷಣ ಜೋಳ ಕಿತ್ತಳೆಯಾಗುತ್ತದೆ, ತೊಗರಿ ನೀಲಿಯಾಗುತ್ತದೆ. ಕನ್ಸೋಲ್‌ನಲ್ಲಿ ಒಂದು ಕೆಂಪು ಗೆರೆಯೂ ಇಲ್ಲ, ಟೆಸ್ಟ್‌ಗಳೆಲ್ಲ ಪಾಸ್. ಆದರೆ ಎರಡು ತಾಲ್ಲೂಕಿನ ಚಾರ್ಟ್‌ಗಳನ್ನು ಪಕ್ಕಪಕ್ಕ ಇಟ್ಟವರು ಜೋಳವನ್ನು ರಾಗಿ ಎಂದು ಓದುತ್ತಾರೆ. ಕಾರಣ ಇಷ್ಟೇ: ಬಣ್ಣವನ್ನು ಸಾಲಿನ ಸಂಖ್ಯೆಗೆ ಕಟ್ಟಿದ್ದೇವೆ, ಬೆಳೆಗಲ್ಲ.

ಈ ಬರಹ ಮುಖ್ಯವಾಗಿ ಚಾರ್ಟ್.ಜೆಎಸ್ ಎಂಬ ಜಾವಾಸ್ಕ್ರಿಪ್ಟ್ ಚಾರ್ಟ್ ಲೈಬ್ರರಿ ಬಗ್ಗೆ, ಕೊನೆಗೆ ಎಸ್‌ವಿಜಿ (ಕೋಡ್‌ನಲ್ಲೇ ಆಕಾರ ಬರೆಯುವ ವಿಧಾನ) ಮತ್ತು ಸಿಎಸ್‌ಎಸ್ (ಪುಟಕ್ಕೆ ರೂಪ ಕೊಡುವ ಭಾಷೆ) ಕೂಡ ಬರುತ್ತವೆ. ಆಯ್ಕೆಗಳ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಎಡಿಟರ್‌ನಲ್ಲಿ ಎಂದಿನಂತೆ ಇಂಗ್ಲಿಷ್ ಅಕ್ಷರಗಳಲ್ಲಿ, ಕ್ಯಾಮೆಲ್‌ಕೇಸ್‌ನಲ್ಲಿ ಟೈಪ್ ಮಾಡಿ.

ಬಣ್ಣ ಯಾರಿಗೆ ಸೇರಿದ್ದು

ಚಾರ್ಟ್.ಜೆಎಸ್‌ನಲ್ಲಿ ಪೈ ಚಾರ್ಟ್‌ಗೆ ಬೇಕಾದ ಮೂರು ಅರೇಗಳು (ಪಟ್ಟಿಗಳು) ಲೇಬಲ್ಸ್, ಡೇಟಾ ಮತ್ತು ಬ್ಯಾಕ್‌ಗ್ರೌಂಡ್‌ಕಲರ್. ಮೂರೂ ಇಂಡೆಕ್ಸ್ ಮೂಲಕ ಜೋಡಿಯಾಗುತ್ತವೆ: ಸೊನ್ನೆಯನೇ ಲೇಬಲ್‌ಗೆ ಸೊನ್ನೆಯನೇ ಬಣ್ಣ. ಬಣ್ಣಗಳ ಅರೇ ಚಿಕ್ಕದಾದರೆ 3ನೇ ಆವೃತ್ತಿಯಿಂದ ಈಚೆಗೆ ಅದು ಮೊದಲಿನಿಂದ ಮತ್ತೆ ಸುತ್ತುತ್ತದೆ. ಇಲ್ಲೊಂದು ಹಳ್ಳವಿದೆ. ಬಣ್ಣ 6, ಹೋಳು 7 ಆದಾಗ ಏಳನೆಯದಕ್ಕೆ ಮೊದಲನೆಯದರ ಬಣ್ಣವೇ ಬರುತ್ತದೆ. ವೃತ್ತದಲ್ಲಿ ಏಳನೆಯದು ಮತ್ತು ಮೊದಲನೆಯದು ಅಕ್ಕಪಕ್ಕದವು! ಎರಡೂ ಸೇರಿ ಒಂದೇ ದೊಡ್ಡ ಹೋಳಿನಂತೆ ಕಾಣುತ್ತವೆ, ನಡುವೆ ಒಂದು ಬಿಳಿ ಗೆರೆ ಮಾತ್ರ. 13 ಹೋಳಿಗೂ ಇದೇ ಪಾಡು. ಹೋಳಿನ ಸಂಖ್ಯೆಯನ್ನು ಬಣ್ಣದ ಸಂಖ್ಯೆಯಿಂದ ಭಾಗಿಸಿದಾಗ ಶೇಷ 1 ಉಳಿದಾಗಲೆಲ್ಲ ಇದು ಆಗುತ್ತದೆ.

ಪರಿಹಾರಕ್ಕೆ ಒಂದು ಮ್ಯಾಪ್ ಸಾಕು. ಪ್ರತಿ ಬೆಳೆಯ ಐಡಿಗೆ ಒಂದು ಬಣ್ಣ, ಪಟ್ಟಿಯಲ್ಲಿ ಇಲ್ಲದ್ದಕ್ಕೆ ಬೂದು. ಡೇಟಾಸೆಟ್ ಕಟ್ಟುವಾಗ ಸಾಲುಗಳ ಮೇಲೆ ಒಮ್ಮೆ ಅರೇಯ ಮ್ಯಾಪ್ ಫಂಕ್ಷನ್ ಓಡಿಸಿ ಬಣ್ಣಗಳ ಅರೇಯನ್ನು ಅಲ್ಲೇ ತಯಾರಿಸಿ. ಅಥವಾ ಬ್ಯಾಕ್‌ಗ್ರೌಂಡ್‌ಕಲರ್‌ಗೆ ಅರೇ ಬದಲು ಫಂಕ್ಷನ್ ಕೊಡಿ. ಅದಕ್ಕೆ ಬರುವ ಕಾಂಟೆಕ್ಸ್ಟ್‌ನಲ್ಲಿ ಡೇಟಾಇಂಡೆಕ್ಸ್ ಇರುತ್ತದೆ, ಅದರಿಂದ ಐಡಿ ಹುಡುಕಿ ಬಣ್ಣ ಹಿಂದಿರುಗಿಸಿ. ಬೆಳೆಗಳ ಪಟ್ಟಿ ಡೇಟಾಬೇಸ್‌ನಲ್ಲಿದ್ದರೆ ಬಣ್ಣವೂ ಅದೇ ಟೇಬಲ್‌ನ ಒಂದು ಕಾಲಂ ಆಗಲಿ. ಬಣ್ಣವೂ ದತ್ತಾಂಶವೇ, ಅಲಂಕಾರವಲ್ಲ.

ಐಡಿ ಎಂದೆ, ಹೆಸರು ಎನ್ನಲಿಲ್ಲ. ಕನ್ನಡದ ಲೇಬಲ್‌ಗಳಲ್ಲಿ ಇದಕ್ಕೆ ವಿಶೇಷ ಕಾರಣವಿದೆ. "ಜೋಳ" ಎಂಬುದರ ಓ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ತುಂಡು ತುಂಡಾಗಿ ಎತ್ವ, ಕೊಂಬು, ದೀರ್ಘ ಎಂದೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಸ್ಟ್ರಿಂಗ್ ಹೋಲಿಕೆಯಲ್ಲಿ ಎರಡೂ ಬೇರೆ. ಒಂದು ಎಕ್ಸೆಲ್ ಕಡತದಿಂದ ಬಂದ ಜೋಳ ನೀಲಿಯಾಗಿ, ಇನ್ನೊಂದರಿಂದ ಬಂದ ಜೋಳ ಬೂದಾಗಿ ಕಂಡರೆ ಮೊದಲು ಇದನ್ನೇ ಅನುಮಾನಿಸಿ. ಹೆಸರನ್ನೇ ಕೀ ಮಾಡಲೇಬೇಕಾದರೆ ಟ್ರಿಮ್ ಮಾಡಿ, ನಾರ್ಮಲೈಸ್ ಫಂಕ್ಷನ್‌ಗೆ ಎನ್‌ಎಫ್‌ಸಿ (ತುಂಡುಗಳನ್ನು ಒಂದೇ ಸಂಕೇತವಾಗಿ ಕೂಡಿಸುವ ರೂಪ) ಕೊಟ್ಟು ಹಾಯಿಸಿ. ಪದದ ನಡುವೆ ಕಾಣದಂತೆ ಕೂತಿರುವ ಜೀರೋ ವಿಡ್ತ್ ನಾನ್ ಜಾಯ್ನರ್ ಮಾತ್ರ ಎನ್‌ಎಫ್‌ಸಿಯಿಂದ ಹೋಗುವುದಿಲ್ಲ, ಅದನ್ನು ಬೇರೆಯಾಗಿ ತೆಗೆಯಬೇಕು.

"ಹೆಸರನ್ನು ಹ್ಯಾಶ್ ಮಾಡಿ (ಸಂಖ್ಯೆಯಾಗಿಸಿ), ಬಣ್ಣಗಳ ಸಂಖ್ಯೆಯಿಂದ ಭಾಗಿಸಿ, ಶೇಷಕ್ಕೆ ತಕ್ಕ ಬಣ್ಣ ಕೊಡಿ" ಎಂಬ ಸಲಹೆ ಅಲ್ಲಲ್ಲಿ ಸಿಗುತ್ತದೆ. ಕೇಳಲು ಜಾಣತನ, ಲೆಕ್ಕ ಹಾಕಿದರೆ ಅಲ್ಲ. 8 ಬಣ್ಣಗಳಿಗೆ 6 ಹೆಸರು ಹಂಚಿದಾಗ ಕನಿಷ್ಠ ಎರಡು ಹೆಸರು ಒಂದೇ ಬಣ್ಣಕ್ಕೆ ಬೀಳುವ ಸಂಭವ ಸುಮಾರು ಶೇ. 92. ಹ್ಯಾಶ್ ಎಷ್ಟೇ ಒಳ್ಳೆಯದಾದರೂ ಈ ಲೆಕ್ಕ ಬದಲಾಗದು.

ಡಿ3 ಎಂಬ ಇನ್ನೊಂದು ಲೈಬ್ರರಿ ಬಳಸುವವರಿಗೂ ಇದೇ ರೋಗ ಬೇರೆ ರೂಪದಲ್ಲಿ ಬರುತ್ತದೆ. ಸ್ಕೇಲ್‌ಆರ್ಡಿನಲ್‌ಗೆ ಡೊಮೇನ್ ಕೊಡದಿದ್ದರೆ ಹೆಸರುಗಳು ಬಂದ ಕ್ರಮದಲ್ಲೇ ಬಣ್ಣ ಹಂಚುತ್ತದೆ. ಪುಟ ತೆರೆದಾಗಲೇ ಎಲ್ಲ ಬೆಳೆಗಳ ಪೂರ್ಣ ಪಟ್ಟಿಯನ್ನು ಡೊಮೇನ್ ಆಗಿ ಕೊಟ್ಟುಬಿಡಿ. ಜೊತೆಗೆ ಡಿ3ಯ ಪೈ ಫಂಕ್ಷನ್ ಹೇಳದೆ ಕೇಳದೆ ಮೌಲ್ಯಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸುತ್ತದೆ. ನಿಮ್ಮದೇ ಕ್ರಮ ಬೇಕಿದ್ದರೆ ಸಾರ್ಟ್‌ಗೆ ನಲ್ ಕೊಡಬೇಕು.

ಯಾವ ಬಣ್ಣ

ಎಚ್‌ಎಸ್‌ಎಲ್‌ನಲ್ಲಿ (ಹ್ಯೂ, ಸ್ಯಾಚುರೇಷನ್, ಲೈಟ್‌ನೆಸ್ ಎಂದು ಬಣ್ಣ ಬರೆಯುವ ಕ್ರಮ) ಹ್ಯೂನ 360 ಡಿಗ್ರಿಯನ್ನು ಸಮನಾಗಿ ಭಾಗಿಸಿ ಬಣ್ಣ ಹುಟ್ಟಿಸುವುದು ಸುಲಭ, ಫಲಿತಾಂಶ ಕೆಟ್ಟದ್ದು. ಸ್ಯಾಚುರೇಷನ್ 100, ಲೈಟ್‌ನೆಸ್ 50 ಇಟ್ಟು 60 ಡಿಗ್ರಿಯ ಹಳದಿಯನ್ನೂ 240 ಡಿಗ್ರಿಯ ನೀಲಿಯನ್ನೂ ನೋಡಿ. ಸಂಖ್ಯೆಯಲ್ಲಿ ಲೈಟ್‌ನೆಸ್ ಒಂದೇ. ಆದರೆ ಹಳದಿಯ ಸಾಪೇಕ್ಷ ಹೊಳಪು 0.93, ನೀಲಿಯದು 0.07. ಬಿಳಿ ಪುಟದ ಮೇಲೆ ಹಳದಿ ಹೋಳು ಕಾಣೆಯಾಗುತ್ತದೆ, ನೀಲಿ ಹೋಳು ಎದ್ದು ಬಂದು ತನ್ನ ಪಾಲಿಗಿಂತ ದೊಡ್ಡದಾಗಿ ತೋರುತ್ತದೆ. ಬಣ್ಣಗಳನ್ನು ಕೋಡ್‌ನಿಂದಲೇ ಹುಟ್ಟಿಸಬೇಕಿದ್ದರೆ ಓಕೆಎಲ್‌ಸಿಎಚ್ ಬಳಸಿ. ಅಲ್ಲಿ ಲೈಟ್‌ನೆಸ್ ಕಣ್ಣಿಗೆ ಕಾಣುವುದಕ್ಕೆ ಹತ್ತಿರ. 2023ರಿಂದ ಎಲ್ಲ ಮುಖ್ಯ ಬ್ರೌಸರ್‌ಗಳಲ್ಲೂ ಇದೆ. ಒಂದೇ ಎಚ್ಚರಿಕೆ: ಚಾರ್ಟ್.ಜೆಎಸ್ ಹೋವರ್ (ಹೋಳಿನ ಮೇಲೆ ಮೌಸ್ ಇಟ್ಟಾಗಿನ) ಬಣ್ಣವನ್ನು ಮೂಲ ಬಣ್ಣದಿಂದ ತಾನೇ ಲೆಕ್ಕ ಹಾಕುತ್ತದೆ, ಅದರ ಒಳಗಿನ ಬಣ್ಣದ ಲೈಬ್ರರಿಗೆ ಅರ್ಥವಾಗುವುದು ಹೆಕ್ಸ್, ಆರ್‌ಜಿಬಿ, ಎಚ್‌ಎಸ್‌ಎಲ್‌ನಂಥ ಹಳೆಯ ಬರಹಗಳು. ಹಾಗಾಗಿ ಹೋವರ್‌ಬ್ಯಾಕ್‌ಗ್ರೌಂಡ್‌ಕಲರ್ ಅನ್ನು ನೀವೇ ಕೊಟ್ಟುಬಿಡಿ.

ಸಿದ್ಧ ಪಟ್ಟಿ ಬೇಕೆನ್ನುವವರಿಗೆ ಒಕಾಬೆ-ಇಟೊ ಬಣ್ಣಪಟ್ಟಿ ಒಳ್ಳೆಯ ಆರಂಭ. ಕೆಂಪು-ಹಸಿರು ವ್ಯತ್ಯಾಸ ಕಾಣದವರಿಗೂ ಬೇರೆ ಬೇರೆಯಾಗಿ ಕಾಣುವಂತೆ ಆರಿಸಿದ ಬಣ್ಣಗಳಿವು. ಕಪ್ಪನ್ನು ಬಿಟ್ಟು ಉಳಿದ ಏಳರ ಆರ್‌ಜಿಬಿ ಮೌಲ್ಯಗಳು:

ಕಿತ್ತಳೆ 230, 159, 0
ತಿಳಿನೀಲಿ 86, 180, 233
ನೀಲಿಹಸಿರು 0, 158, 115
ಹಳದಿ 240, 228, 66
ನೀಲಿ 0, 114, 178
ಕೆಂಗಿತ್ತಳೆ 213, 94, 0
ನಸುಗೆಂಪು ನೇರಳೆ 204, 121, 167

ಈ ಪಟ್ಟಿಯನ್ನೂ ಕಣ್ಣು ಮುಚ್ಚಿ ನಂಬಬೇಡಿ. ವೆಬ್ ಎಲ್ಲರಿಗೂ ಎಟುಕಲೆಂಬ ಮಾರ್ಗಸೂಚಿ ಡಬ್ಲ್ಯುಸಿಎಜಿ 2.1ರ ಪ್ರಕಾರ ಅರ್ಥ ಹೊತ್ತ ಚಿತ್ರಭಾಗಕ್ಕೂ ಅದರ ಪಕ್ಕದ ಬಣ್ಣಕ್ಕೂ 3:1 ಕಾಂಟ್ರಾಸ್ಟ್ ಇರಬೇಕು. ಬಿಳಿಯ ಎದುರು ಇಲ್ಲಿನ ಹಳದಿಗೆ ಸಿಗುವುದು 1.3, ಕಿತ್ತಳೆಗೆ ಮತ್ತು ತಿಳಿನೀಲಿಗೆ 2.3ರ ಆಸುಪಾಸು. ಚಾರ್ಟ್.ಜೆಎಸ್‌ನ ಡೀಫಾಲ್ಟ್ ಅಂಚು 2 ಪಿಕ್ಸೆಲ್ ಬಿಳಿ. ಅದು ಹೋಳುಗಳನ್ನು ಒಂದರಿಂದೊಂದು ಬೇರ್ಪಡಿಸುತ್ತದೆ, ಹಳದಿ ಹೋಳಿನ ಹೊರ ಅಂಚನ್ನು ಬಿಳಿ ಪುಟದಿಂದ ಬೇರ್ಪಡಿಸುವುದಿಲ್ಲ. ನನ್ನ ಶಿಫಾರಸು, ಬಾರ್ಡರ್‌ಕಲರ್ 60, 60, 60ರ ಕಡು ಬೂದು, ಬಾರ್ಡರ್‌ವಿಡ್ತ್ 1. ಸ್ವಲ್ಪ ಹಳೇ ಪಠ್ಯಪುಸ್ತಕದ ಚಿತ್ರದಂತೆ ಕಾಣುತ್ತದೆ ನಿಜ, ಆದರೆ ಓದಬಹುದು.

ಹೋಳಿನ ಮೇಲೆ ಅಂಕಿ ಬರೆಯುವುದಾದರೆ ಅಕ್ಷರ ಕಪ್ಪೋ ಬಿಳಿಯೋ ಎಂಬುದನ್ನು ಊಹೆಗೆ ಬಿಡಬೇಡಿ. ಮೂರು ಚಾನಲ್‌ಗಳನ್ನು ಲೀನಿಯರ್‌ಗೆ ತಂದು ಕೆಂಪನ್ನು 0.2126, ಹಸಿರನ್ನು 0.7152, ನೀಲಿಯನ್ನು 0.0722ರಿಂದ ಗುಣಿಸಿ ಕೂಡಿಸಿ. ಉತ್ತರ 0.179ಕ್ಕಿಂತ ಹೆಚ್ಚಿದ್ದರೆ ಕಪ್ಪು, ಇಲ್ಲದಿದ್ದರೆ ಬಿಳಿ. ಮೇಲಿನ ಏಳರಲ್ಲಿ ಬಿಳಿ ಅಕ್ಷರ ಬೇಡುವುದು ನೀಲಿ ಒಂದೇ. ಕೆಂಗಿತ್ತಳೆಯ ಮೇಲೆ ಬಿಳಿಯೇ ಚೆಂದ ಅನ್ನಿಸುತ್ತದೆ. ಲೆಕ್ಕದಲ್ಲಿ ಬಿಳಿಗೆ 3.9, ಕಪ್ಪಿಗೆ 5.4. ಸಣ್ಣ ಅಕ್ಷರಕ್ಕೆ ಬೇಕಾದ ಕನಿಷ್ಠ 4.5.

ಏಳಕ್ಕಿಂತ ಹೆಚ್ಚು ಹೋಳು ಬಂದರೆ ಇನ್ನಷ್ಟು ಬಣ್ಣ ಹುಡುಕಬೇಡಿ. ಉಳಿದವನ್ನು "ಇತರೆ" ಎಂದು ಕೂಡಿಸಿ ಬೂದು ಬಣ್ಣ ಕೊಟ್ಟು ಕೊನೆಗೆ ಇಡಿ, ಇಲ್ಲವೇ ಬಾರ್ ಚಾರ್ಟ್‌ಗೆ ಹೋಗಿ.

ಹಳೆಯ ಕೋಡ್ ಅಂಟಿಸಿದಾಗ

ವೆಬ್‌ನಲ್ಲಿ ಸಿಗುವ ಉತ್ತರಗಳಲ್ಲಿ ಬಹಳಷ್ಟು ಚಾರ್ಟ್.ಜೆಎಸ್ 2ನೇ ಆವೃತ್ತಿಯವು. 2021ರಲ್ಲಿ ಬಂದ 3ನೇ ಆವೃತ್ತಿ ಆಯ್ಕೆಗಳ ಹೆಸರು, ಜಾಗ, ಅಳತೆ ಎಲ್ಲವನ್ನೂ ಬದಲಿಸಿತು. ರೊಟೇಷನ್ ಮತ್ತು ಸರ್ಕಂಫರೆನ್ಸ್ ಮೊದಲು ರೇಡಿಯನ್‌ನಲ್ಲಿದ್ದವು, ಈಗ ಡಿಗ್ರಿಯಲ್ಲಿವೆ. ಅರ್ಧವೃತ್ತಕ್ಕೆಂದು ಹಳೆಯ ಕೋಡ್ ಸರ್ಕಂಫರೆನ್ಸ್‌ಗೆ ಗಣಿತದ ಪೈ (π) ಬೆಲೆ ಕೊಟ್ಟಿರುತ್ತದೆ. ಹೊಸ ಆವೃತ್ತಿ ಅದನ್ನು 3.14 ಡಿಗ್ರಿ ಎಂದು ಓದಿ ಇಡೀ ಚಾರ್ಟನ್ನು ಒಂದು ಕಡ್ಡಿಯಷ್ಟು ಸಣ್ಣ ಸೀಳಿಗೆ ಇಳಿಸುತ್ತದೆ. ಅಲ್ಲಿ 180 ಬರೆಯಿರಿ, ರೊಟೇಷನ್‌ಗೆ ಮೈನಸ್ 90. ಪೂರ್ಣ ವೃತ್ತಕ್ಕೆ ರೊಟೇಷನ್ 0 ಇದ್ದರೆ ಹನ್ನೆರಡು ಗಂಟೆಯ ಮುಳ್ಳಿನ ಜಾಗದಿಂದಲೇ ಶುರುವಾಗುತ್ತದೆ. ಲೆಜೆಂಡ್ (ಯಾವ ಬಣ್ಣ ಯಾವುದಕ್ಕೆ ಎಂಬ ಪಟ್ಟಿ), ಟೂಲ್‌ಟಿಪ್, ಟೈಟಲ್ ಆಯ್ಕೆಗಳು ಈಗ ಆಪ್ಷನ್ಸ್‌ನ ಒಳಗಿನ ಪ್ಲಗಿನ್ಸ್ ಅಡಿಯಲ್ಲಿವೆ; ಹಳೆಯ ಜಾಗದಲ್ಲಿಟ್ಟರೆ ದೂರು ಹೇಳದೆ ಕಡೆಗಣಿಸುತ್ತದೆ.

ಹೋಳುಗಳೆಲ್ಲ ಒಂದೇ ಮಾಸಲು ಬೂದು ಬಣ್ಣದಲ್ಲಿ ಬಂದವೇ? ಬಣ್ಣ ಕೊಟ್ಟಿಲ್ಲ ಎಂದರ್ಥ. 4ನೇ ಆವೃತ್ತಿಯಲ್ಲಿ ಕಲರ್ಸ್ ಎಂಬ ಪ್ಲಗಿನ್ ಇದೆ, ಆದರೆ ಬೇಕಾದ ಭಾಗಗಳನ್ನಷ್ಟೇ ಆಮದು ಮಾಡಿಕೊಳ್ಳುವವರು ಅದನ್ನು ರಿಜಿಸ್ಟರ್ ಮಾಡಬೇಕು. ಆರ್ಕ್ ನೋಂದಣಿಯಾಗಿಲ್ಲ ಎಂಬ ದೋಷ ಬಂದರೆ ಪೈಕಂಟ್ರೋಲರ್ ಜೊತೆ ಆರ್ಕ್‌ಎಲಿಮೆಂಟ್ ಅನ್ನೂ ರಿಜಿಸ್ಟರ್ ಮಾಡಿ.

ಕ್ಯಾನ್ವಾಸ್‌ನ ಗುಣಗಳು

ಚಾರ್ಟ್.ಜೆಎಸ್ ಬರೆಯುವುದು ಕ್ಯಾನ್ವಾಸ್ ಮೇಲೆ, ಅಂದರೆ ಪುಟದೊಳಗೆ ಪಿಕ್ಸೆಲ್‌ಗಳಲ್ಲಿ ಚಿತ್ರ ಬಳಿಯುವ ಹಾಳೆಯ ಮೇಲೆ. ಕ್ಯಾನ್ವಾಸ್‌ಗೆ ಸಿಎಸ್‌ಎಸ್ ವೇರಿಯಬಲ್ ಅರ್ಥವಾಗದು. ವಾರ್ ಎಂದು ಬರೆದ ಬಣ್ಣವನ್ನು ಫಿಲ್‌ಸ್ಟೈಲ್‌ಗೆ ಕೊಟ್ಟರೆ ಅದು ದೋಷ ಎಸೆಯುವುದಿಲ್ಲ. ಸುಮ್ಮನೆ ತಿರಸ್ಕರಿಸಿ ಹಿಂದಿದ್ದ ಬಣ್ಣದಲ್ಲೇ ತುಂಬುತ್ತದೆ. ಹೋಳು ಕಪ್ಪಾಗಿ ಕಂಡರೆ ಇದೇ ಕಾರಣ ಇರಬಹುದು. ಗೆಟ್‌ಕಂಪ್ಯೂಟೆಡ್‌ಸ್ಟೈಲ್‌ನಿಂದ ವೇರಿಯಬಲ್‌ನ ಬೆಲೆ ಓದಿ, ಟ್ರಿಮ್ ಮಾಡಿ, ನಂತರ ಚಾರ್ಟ್‌ಗೆ ಕೊಡಿ. ಡಾರ್ಕ್ ಥೀಮ್‌ಗೆ ಬದಲಾದಾಗ ಪುಟದ ಉಳಿದೆಲ್ಲ ತಾನಾಗಿ ಬದಲಾಗುತ್ತದೆ, ಚಾರ್ಟ್ ಮಾತ್ರ ಹಳೆಯ ಬಣ್ಣ ಹೊತ್ತು ಕೂತಿರುತ್ತದೆ. ಮ್ಯಾಚ್‌ಮೀಡಿಯಾದ ಚೇಂಜ್ ಈವೆಂಟ್‌ನಲ್ಲಿ ಬಣ್ಣಗಳನ್ನು ಮತ್ತೆ ಓದಿ, ಅಪ್‌ಡೇಟ್‌ಗೆ "ನನ್" ಎಂಬ ಮೋಡ್ ಕೊಟ್ಟು ಕರೆಯಿರಿ. ಅನಿಮೇಷನ್ ಇಲ್ಲದೆ ಬದಲಾಗುತ್ತದೆ. ಬೆಳೆಯ ಬಣ್ಣಗಳನ್ನು ಎರಡೂ ಥೀಮ್‌ಗೆ ಒಂದೇ ಹ್ಯೂನಲ್ಲಿ ಇಟ್ಟು ಲೈಟ್‌ನೆಸ್ ಮಾತ್ರ ಬದಲಿಸಿ. ರಾತ್ರಿ ರಾಗಿ ನೇರಳೆಯಾದರೆ ಮೊದಲಿನ ತೊಂದರೆಯೇ ಹಿಂದಿನ ಬಾಗಿಲಿನಿಂದ ಬಂದಂತೆ.

ಗಾತ್ರದ ವಿಚಾರ. ಕ್ಯಾನ್ವಾಸ್‌ಗೇ ಸಿಎಸ್‌ಎಸ್ ಅಗಲ-ಎತ್ತರ ಕೊಡಬೇಡಿ, ಎಳೆದ ಫೋಟೊದಂತೆ ಮಸುಕಾಗುತ್ತದೆ. ಅದನ್ನು ಒಂದು ಡಿವ್ ಒಳಗೆ ಒಂಟಿಯಾಗಿ ಇಡಿ, ಡಿವ್‌ಗೆ ಪೊಸಿಷನ್ ರಿಲೇಟಿವ್ ಕೊಡಿ, ಗಾತ್ರವನ್ನೂ ಡಿವ್‌ಗೇ ಕೊಡಿ. ಎತ್ತರವನ್ನು ನೀವೇ ನಿಗದಿ ಮಾಡಿದ್ದರೆ ಮೇಂಟೇನ್‌ಆಸ್ಪೆಕ್ಟ್‌ರೇಷಿಯೊ ಫಾಲ್ಸ್ ಇರಲಿ. ಕಿಟಕಿ ಹಿಗ್ಗಿಸಿದಾಗ ಚಾರ್ಟ್ ಹಿಗ್ಗುತ್ತದೆ, ಕುಗ್ಗಿಸಿದಾಗ ಮಾತ್ರ ಕುಗ್ಗುವುದಿಲ್ಲ ಎಂದಾದರೆ ಡಿವ್ ಯಾವುದೋ ಫ್ಲೆಕ್ಸ್ ಅಥವಾ ಗ್ರಿಡ್ ಒಳಗಿದೆ. ಮಿನ್-ವಿಡ್ತ್ 0 ಕೊಟ್ಟರೆ ಸರಿಹೋಗುತ್ತದೆ.

ಅದೇ ಕ್ಯಾನ್ವಾಸ್ ಮೇಲೆ ಎರಡನೇ ಚಾರ್ಟ್ ಕಟ್ಟಲು ಹೋದರೆ "ಕ್ಯಾನ್ವಾಸ್ ಈಗಾಗಲೇ ಬಳಕೆಯಲ್ಲಿದೆ" ಎಂಬರ್ಥದ ದೋಷ ಬರುತ್ತದೆ. ರಿಯಾಕ್ಟ್ 18ರ ಸ್ಟ್ರಿಕ್ಟ್ ಮೋಡ್ ಅಭಿವೃದ್ಧಿಯ ಹಂತದಲ್ಲಿ ಎಫೆಕ್ಟ್‌ಗಳನ್ನು ಎರಡು ಸಲ ಓಡಿಸುವುದರಿಂದ ಅಲ್ಲಿ ಇದು ಪುಟ ತೆರೆದ ಕೂಡಲೇ ಎದುರಾಗುತ್ತದೆ. ಕ್ಲೀನಪ್ ಫಂಕ್ಷನ್‌ನಲ್ಲಿ ಡಿಸ್ಟ್ರಾಯ್ ಕರೆಯಿರಿ. ವ್ಯೂ 3ರಲ್ಲಿ ಚಾರ್ಟ್ ಆಬ್ಜೆಕ್ಟನ್ನು ಸಾಮಾನ್ಯ ರೆಫ್‌ನಲ್ಲಿ ಇಟ್ಟರೆ ಪ್ರಾಕ್ಸಿ ಒಳಕ್ಕೆಲ್ಲ ಹರಡಿ ಕಾಲ್ ಸ್ಟ್ಯಾಕ್ ತುಂಬಿಹೋಗಬಹುದು, ಶಾಲೋರೆಫ್ ಬಳಸಿ. ಬರೀ ದತ್ತಾಂಶ ಬದಲಾಗಿದ್ದರೆ ಕೆಡವಿ ಕಟ್ಟುವುದು ಬೇಡ, ಅರೇಗಳನ್ನು ಬದಲಿಸಿ ಅಪ್‌ಡೇಟ್ ಮಾಡಿದರೆ ಸಾಕು.

ದತ್ತಾಂಶದಲ್ಲೂ ಮೂರು ಹಳ್ಳಗಳಿವೆ. ಸರ್ವರ್‌ನಿಂದ "1,250" ಎಂದು ಅಲ್ಪವಿರಾಮ ಸಹಿತ ಸ್ಟ್ರಿಂಗ್ ಬಂದರೆ ಅದು ಸಂಖ್ಯೆಯಲ್ಲ, ಹೋಳು ಮಾಯ. ಋಣ ಸಂಖ್ಯೆ ಬಂದರೆ ಅದರ ಚಿಹ್ನೆ ಬಿಟ್ಟು ಧನವಾಗಿಯೇ ಹೋಳು ಬರೆಯುತ್ತದೆ, ಇದು ಇನ್ನೂ ಅಪಾಯ. ಮೂರನೆಯದು ಶೇಕಡಾವಾರು: ಲೆಜೆಂಡ್ ಮೇಲೆ ಕ್ಲಿಕ್ ಮಾಡಿ ಒಂದು ಹೋಳನ್ನು ಅಡಗಿಸಿದಾಗ ಉಳಿದವು ವೃತ್ತ ತುಂಬಿಕೊಳ್ಳುತ್ತವೆ, ಆದರೆ ನೀವು ಟೂಲ್‌ಟಿಪ್‌ನಲ್ಲಿ ಮೂಲ ಮೊತ್ತದಿಂದ ಭಾಗಿಸಿದ್ದರೆ ಅರ್ಧವೃತ್ತದ ಹೋಳಿಗೆ ಶೇ. 38 ಎಂಬಂಥ ಬರಹ ಬರುತ್ತದೆ. ಗೆಟ್‌ಡೇಟಾಸೆಟ್‌ಮೆಟಾ ಕೊಡುವ ಟೋಟಲ್‌ನಲ್ಲಿ ಕಾಣುವ ಹೋಳುಗಳ ಮೊತ್ತವಷ್ಟೇ ಇರುತ್ತದೆ, ಅದನ್ನು ಬಳಸಿ.

ಕನ್ನಡ ಅಕ್ಷರ

ಚಾರ್ಟ್.ಜೆಎಸ್‌ನ ಡೀಫಾಲ್ಟ್ ಫಾಂಟ್ ಹೆಲ್ವೆಟಿಕಾ, ಏರಿಯಲ್ ಸಾಲಿನದು. ಅವುಗಳಲ್ಲಿ ಕನ್ನಡವಿಲ್ಲ, ಆದ್ದರಿಂದ ವಿಂಡೋಸ್‌ನಲ್ಲಿ ನಿರ್ಮಲಾ ಯುಐ, ಆಂಡ್ರಾಯ್ಡ್‌ನಲ್ಲಿ ನೋಟೊ ಸಾನ್ಸ್ ಕನ್ನಡ ಹೀಗೆ ಸಾಧನಕ್ಕೊಂದು ಫಾಂಟ್ ಬಂದು ಲೆಜೆಂಡ್‌ನ ಅಗಲವೂ ಒಂದೊಂದು ಕಡೆ ಒಂದೊಂದು ಥರ ಆಗುತ್ತದೆ. ಚಾರ್ಟ್‌ನ ಡೀಫಾಲ್ಟ್ಸ್‌ನಲ್ಲಿ ಫಾಂಟ್ ಫ್ಯಾಮಿಲಿಯನ್ನು ನಿಮ್ಮ ವೆಬ್‌ಫಾಂಟ್‌ಗೆ ಬದಲಿಸಿ. ಅಷ್ಟೇ ಸಾಲದು: ವೆಬ್‌ಫಾಂಟ್ ತಡವಾಗಿ ಇಳಿದರೆ ಪುಟದ ಪಠ್ಯ ತಾನಾಗಿ ಬದಲಾಗುತ್ತದೆ, ಕ್ಯಾನ್ವಾಸ್ ಮೇಲೆ ಬರೆದದ್ದು ಬರೆದಂತೇ ಉಳಿಯುತ್ತದೆ. ಡಾಕ್ಯುಮೆಂಟ್.ಫಾಂಟ್ಸ್‌ನ ಲೋಡ್ ಫಂಕ್ಷನ್‌ಗೆ ಫಾಂಟ್‌ನ ಗಾತ್ರ, ಹೆಸರು ಮತ್ತು ಒಂದು ಕನ್ನಡ ಅಕ್ಷರ ಕೊಟ್ಟು, ಅದು ಮುಗಿದ ಮೇಲೆ ಚಾರ್ಟ್ ಕಟ್ಟಿ. ಕನ್ನಡ ಅಕ್ಷರ ಕೊಡಲು ಮರೆತರೆ ಲಿಪಿವಾರು ತುಂಡು ಮಾಡಿದ ಫಾಂಟ್‌ನ ಲ್ಯಾಟಿನ್ ಭಾಗ ಮಾತ್ರ ಇಳಿಯುತ್ತದೆ.

ಡೀಫಾಲ್ಟ್ 12 ಪಿಕ್ಸೆಲ್ ಗಾತ್ರದಲ್ಲಿ ಒತ್ತಕ್ಷರಗಳು ಮೆತ್ತಿಕೊಳ್ಳುತ್ತವೆ, ಕೆಳಗಿನ ಸಾಲಿಗೂ ತಾಗುತ್ತವೆ. ಗಾತ್ರ 14, ಲೆಜೆಂಡ್ ಲೇಬಲ್‌ಗಳ ಪ್ಯಾಡಿಂಗ್ 10ರ ಬದಲು 16 ಇಟ್ಟರೆ ಉಸಿರಾಡಲು ಜಾಗ ಸಿಗುತ್ತದೆ. ಉದ್ದ ಹೆಸರನ್ನು ಮೊಟಕುಗೊಳಿಸಲು ಸ್ಲೈಸ್ ಬಳಸಿದರೆ ಅಕ್ಷರದ ನಡುವೆಯೇ ಕತ್ತರಿ ಬೀಳುತ್ತದೆ; "ಸ್ತ್ರೀ" ಎಂಬ ಒಂದು ಅಕ್ಷರದ ಲೆಂಗ್ತ್ 6. ಎಲ್ಲಿ ಕತ್ತರಿಸಿದರೂ ಕೊನೆಯ ಸಂಕೇತ ಅರ್ಧಾಕ್ಷರದ ಚಿಹ್ನೆಯೇ, ಮುಂದಿನದು ಅದೇ ಚಿಹ್ನೆ ಅಥವಾ ಸ್ವರಚಿಹ್ನೆಯೇ ಎಂದು ನೋಡಿ, ಹೌದಾದರೆ ಹಿಂದಕ್ಕೆ ಸರಿಯಿರಿ. ಅಂಕಿಗಳಿಗೆ ಇಂಟ್ಲ್‌ನ ನಂಬರ್‌ಫಾರ್ಮ್ಯಾಟ್‌ನಲ್ಲಿ ಭಾರತದ ಇಂಗ್ಲಿಷ್ ಲೊಕೇಲ್ ಆರಿಸಿದರೆ 12,34,567 ಎಂದು ಲಕ್ಷದ ಲೆಕ್ಕದಲ್ಲೇ ಅಲ್ಪವಿರಾಮ ಬೀಳುತ್ತದೆ.

ಲೈಬ್ರರಿ ಇಲ್ಲದೆ

ಒಂದೇ ಒಂದು ಸಣ್ಣ ಪೈಗೆ ಇಡೀ ಲೈಬ್ರರಿ ಹೊರೆ. ಎಸ್‌ವಿಜಿಯಲ್ಲಿ ಪ್ರತಿ ಹೋಳೂ ಒಂದು ಪಾತ್. ಕೇಂದ್ರ 50, 50 ಮತ್ತು ತ್ರಿಜ್ಯ 45 ಆದರೆ ಕಾಲು ವೃತ್ತದ ಪಾತ್ ಹೀಗೆ: ಎಂ 50 50 ಎಲ್ 50 5 ಎ 45 45 0 0 1 95 50 ಝಡ್. ಕೋನದಿಂದ 90 ಡಿಗ್ರಿ ಕಳೆದು ಕೊಸೈನ್ ತೆಗೆದು, 45ರಿಂದ ಗುಣಿಸಿ 50 ಕೂಡಿಸಿದರೆ ಎಕ್ಸ್, ಸೈನ್‌ಗೂ ಹಾಗೆಯೇ ಮಾಡಿದರೆ ವೈ. ಎ ನಂತರದ ನಾಲ್ಕನೇ ಅಂಕಿ ದೊಡ್ಡ ಕಂಸದ ಫ್ಲ್ಯಾಗ್: ಹೋಳು 180 ಡಿಗ್ರಿ ಮೀರಿದರೆ 1 ಆಗಬೇಕು. ಇದನ್ನು ಮರೆತರೆ ಶೇ. 60ರ ಹೋಳು ಒಳಕ್ಕೆ ಕುಸಿದು ವಿಕಾರವಾಗಿ ಕೂರುತ್ತದೆ. ಇನ್ನೊಂದು ತಪ್ಪು ಪರೀಕ್ಷೆಯಲ್ಲಿ ಸಿಗದು, ಬಳಕೆಯಲ್ಲಿ ಸಿಗುತ್ತದೆ: ಒಂದೇ ಬೆಳೆ ಶೇ. 100 ಇದ್ದಾಗ ಕಂಸದ ಆರಂಭ ಮತ್ತು ಅಂತ್ಯ ಒಂದೇ ಬಿಂದು. ಎಸ್‌ವಿಜಿ ನಿಯಮದಂತೆ ಅಂಥ ಕಂಸವನ್ನು ಬಿಟ್ಟುಬಿಡುತ್ತದೆ, ಪುಟ ಖಾಲಿ. ಒಂದೇ ಹೋಳಿದ್ದರೆ ಪಾತ್ ಬದಲು ಸರ್ಕಲ್ ಬರೆಯಿರಿ. ಎಸ್‌ವಿಜಿಯ ದೊಡ್ಡ ಅನುಕೂಲವೆಂದರೆ ಸಿಎಸ್‌ಎಸ್ ವೇರಿಯಬಲ್ ನೇರವಾಗಿ ಕೆಲಸ ಮಾಡುತ್ತದೆ, ಥೀಮ್ ಬದಲಾವಣೆಗೆ ಒಂದು ಸಾಲು ಜಾವಾಸ್ಕ್ರಿಪ್ಟ್ ಕೂಡ ಬೇಡ.

ಕೋನಿಕ್-ಗ್ರೇಡಿಯಂಟ್ ಇನ್ನೂ ಚಿಕ್ಕದು: ಕಿತ್ತಳೆ 0 ಶೇ. 40, ನೀಲಿ 0 ಶೇ. 65, ಹಸಿರು 0, ಬಾರ್ಡರ್-ರೇಡಿಯಸ್ ಶೇ. 50, ಮುಗಿಯಿತು. ಎರಡನೆಯದರಿಂದ ಮುಂದೆ ಆರಂಭಕ್ಕೆ 0 ಬರೆದರೆ ಹಿಂದಿನದು ಮುಗಿದಲ್ಲಿಂದ ಎಂದೇ ಬ್ರೌಸರ್ ಓದುತ್ತದೆ. ಬಣ್ಣಗಳ ಗಡಿ ಗರಗಸದ ಹಲ್ಲಿನಂತೆ ಕಂಡರೆ ಎರಡರ ನಡುವೆ ಅರ್ಧ ಡಿಗ್ರಿ ಬಿಡಿ, ನಯವಾಗುತ್ತದೆ. ಆದರೆ ಹೋಳುಗಳಿಗೆ ಹೋವರ್ ಇಲ್ಲ, ಟೂಲ್‌ಟಿಪ್ ಇಲ್ಲ. ಜೊತೆಗೆ ಇದು ಹಿನ್ನೆಲೆ ಚಿತ್ರವಾದ್ದರಿಂದ ಪ್ರಿಂಟ್ ಮಾಡಿದಾಗ ಬ್ರೌಸರ್‌ಗಳು ಸಾಮಾನ್ಯವಾಗಿ ಕೈಬಿಡುತ್ತವೆ. ಪ್ರಿಂಟ್-ಕಲರ್-ಅಡ್ಜಸ್ಟ್‌ಗೆ ಎಕ್ಸಾಕ್ಟ್ ಕೊಡಿ.

ಚಾರ್ಟ್.ಜೆಎಸ್ ಚಿತ್ರವನ್ನು ಕಡತವಾಗಿ ಇಳಿಸಿಕೊಳ್ಳುವ ಗುಂಡಿ ಇದ್ದರೆ ಹಿನ್ನೆಲೆ ಪಾರದರ್ಶಕ ಎಂಬುದು ನೆನಪಿರಲಿ. ಜೆಪೆಗ್ ಆದರೆ ಕಪ್ಪಾಗುತ್ತದೆ. ಬಿಫೋರ್‌ಡ್ರಾ ಹಂತದಲ್ಲಿ ಬಿಳಿ ಆಯತ ಬಳಿಯುವ ನಾಲ್ಕು ಸಾಲಿನ ಪ್ಲಗಿನ್ ಸಾಕು. ಹಾಗೆಯೇ ಸ್ಕ್ರೀನ್ ರೀಡರ್‌ಗೆ ಕ್ಯಾನ್ವಾಸ್ ಒಂದು ಮೂಕ ಪೆಟ್ಟಿಗೆ. ರೋಲ್‌ಗೆ ಐಎಂಜಿ, ಒಂದು ವಾಕ್ಯದ ಆರಿಯಾ-ಲೇಬಲ್ ಕೊಟ್ಟು, ಕೆಳಗೆ ಅದೇ ಅಂಕಿಗಳ ಟೇಬಲ್ ಇಡಿ. ಟೇಬಲ್‌ನ ಪ್ರತಿ ಸಾಲಿನ ಮುಂದಿನ ಬಣ್ಣದ ಚೌಕವೂ ಆ ಒಂದೇ ಮ್ಯಾಪ್‌ನಿಂದ ಬರಲಿ, ಬೇರೆ ಸಿಎಸ್‌ಎಸ್ ಕಡತದಲ್ಲಿ ಇನ್ನೊಮ್ಮೆ ಬರೆಯಬೇಡಿ.